ಗಾಡಿಯಲ್ಲಿ ಬಂದ ಮೀನು

“ಗುರುಗಳೇ, ನಮ್ಮಕ್ಕನಿಗೆ ಇನ್ನೇನು ಕಳಿಸಲಿ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಆ ಅಕ್ಕ. ಅವನು ಮಠ ಸೇರಿದಂದಿನಿಂದ ಅವನನ್ನೇ ಹಂಬಲಿಸುತ್ತಿದ್ದಳು.

“ಮಠ ಸೇರಿದವನು ಮತ್ತೆ ಮೋಹಕ್ಕೆ ಬೀಳಬಾರದೆಂದು ನಾನು ಆ ಕಡೆ ತಲೆ ಹಾಕಿಲ್ಲ. ಆದರೆ ಹೋಗುವವರ ಕೈಯಲ್ಲೆಲ್ಲ ಪ್ರಸಾದ ಕಳಿಸಿದೆ, ಹಣ್ಣು ಕಳಿಸಿದೆ, ಸೀರೆ ಕಳಿಸಿದೆ. ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಮತ್ತೆ ಅಳುತ್ತಾಳಂತೆ. ಏನು ಕಳಿಸಿದರೆ ಅವಳ ಮನಸ್ಸು ತಣಿದೀತು?”

ಗುರುಗಳು ಜಪಮಾಲೆ ಕೆಳಗಿಟ್ಟು ಒಂದು ಕತೆ ಹೇಳಿದರು.

ಬಯಲು ನಾಡಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹೆಂಡತಿ ದೂರದ ಹೊಳೆದಂಡೆಯ ಊರಿನವಳು. ಆ ಊರಿನ ಗುಡಿಯ ಮುಂದೆ ಹೊಳೆಯಲ್ಲೇ ಒಂದು ಮಡು. ಅದರ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಚಿಕ್ಕವಳಿದ್ದಾಗ ಅವಳು ದಿನವೂ ಮಡಿಲಲ್ಲಿ ಪುರಿ ತುಂಬಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಂಗೈಯಿಂದ ನೀರು ತಟ್ಟಿದರೆ ಸಾಕು, ಮೀನುಗಳು ಬಂದು ಅವಳ ಕೈಯಿಂದಲೇ ತಿನ್ನುತ್ತಿದ್ದವು.

ಮದುವೆಯಾದ ಮೇಲೆ ಅವಳು ಹೊಳೆಯನ್ನು ಕಾಣಲಿಲ್ಲ. ತಂದೆ ತಾಯಿ ತೀರಿಕೊಂಡರು. ಅಣ್ಣ ತಮ್ಮಂದಿರು ಇರಲಿಲ್ಲ. ಕರೆಯಲು ಬರುವವರಿಲ್ಲದ ತವರಿಗೆ ಹೆಣ್ಣುಮಗಳು ತಾನಾಗಿ ಹೋಗುವ ಪದ್ಧತಿ ಆ ಜನರಲ್ಲಿರಲಿಲ್ಲ. ಅವಳೂ ಕೇಳಲಿಲ್ಲ. ಆದರೆ ಬಾವಿಯಿಂದ ನೀರು ಸೇದುವಾಗ ಕೊಡ ತುಳುಕಿದರೆ, ಆ ಸದ್ದಿಗೆ ಕೈಕೆಲಸ ಮರೆತು ನಿಂತುಬಿಡುತ್ತಿದ್ದಳು.

ವ್ಯಾಪಾರಿಗೆ ಹೆಂಡತಿಯೆಂದರೆ ಜೀವ. ಅವಳು ಹಾಗೆ ನಿಲ್ಲುವುದನ್ನು ಅವನು ಗಮನಿಸಿದ್ದ. ಮೊದಲಿನಂತೆ ಅವಳು ಮನಸಾರೆ ನಗುವುದನ್ನು ನೋಡಬೇಕು, ಅದೊಂದೇ ಅವನ ಆಸೆ. ಅದಕ್ಕಾಗಿ ಹಿತ್ತಿಲಲ್ಲಿ ಒಂದು ಪುಟ್ಟ ಕೊಳ ತೋಡಿಸಿದ. ಕಲ್ಲು ಕಟ್ಟಿಸಿ ನೀರು ತುಂಬಿಸಿದ.

ಇನ್ನು ಮೀನು ಆರಿಸಬೇಕು. ಊರಿನವರಿಗೆ ಬುದ್ಧಿ ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಕ್ಕೀತು? ಜನ್ಮದಲ್ಲಿ ಮೀನು ಮುಟ್ಟದವರೂ ಬಂದು ಮೀನಿನ ಮಾತಾಡಿದರು. ಕೊರವ ಮೀನು ತಂದು ಬಿಡು ಎಂದ ಒಬ್ಬ. ಅದು ಉಳಿದ ಮೀನನ್ನೆಲ್ಲ ನುಂಗಿಹಾಕುತ್ತದೆ ಎಂದ ಇನ್ನೊಬ್ಬ. ಗೆಂಡೆ ಮೀನು ಆದೀತು ಎಂದರೆ, ಅದು ಕೊಳ ಮೀರಿ ಬೆಳೆದ ಮೇಲೆ ನೀನೂ ನಿನ್ನ ಹೆಂಡತಿಯೂ ಮನೆ ಬಿಟ್ಟುಕೊಡಬೇಕಾಗುತ್ತದೆ ಎಂದು ನಕ್ಕರು. ವ್ಯಾಪಾರಿ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ಹೆಂಡತಿಯ ಹೊಳೆಯ ಮೀನು.

ಗಾಡಿ ಕಟ್ಟಿಕೊಂಡು ಹೊರಟ. ದೇವರ ಮೀನಿಗೆ ಕೈ ಹಾಕುವಂತಿರಲಿಲ್ಲ. ಆದರೆ ಮಡು ದಾಟಿ ಕೆಳಕ್ಕೆ ಇಳಿದ ಮೀನು ಬೆಸ್ತರ ಪಾಲು ಎಂಬುದು ಅಲ್ಲಿನ ವಾಡಿಕೆ. ಅಲ್ಲಿ ಒಬ್ಬ ಬೆಸ್ತನಿಂದ ಮರಿಗಳನ್ನು ಕೊಂಡ.

“ಕೊಳಕ್ಕಾದ್ರೆ ಇವು ಬೇಡ ಸ್ವಾಮಿ” ಎಂದ ಬೆಸ್ತ. “ಇವು ಹರಿಯೋ ನೀರಿಗೆ ಎದುರು ಈಜೋ ಮೀನು. ನೀರು ನಿಂತುಬಿಟ್ರೆ ಯಾವ ಕಡೆ ಮುಖ ಮಾಡಬೇಕು ಅಂತ ಇವಕ್ಕೆ ತಿಳಿಯಲ್ಲ. ನಿಮ್ಮ ಬಾವಿಯಲ್ಲಿ ಹುಟ್ಟಿದ ಸಣ್ಣ ಮೀನು ಬಿಡಿ, ಸೊಳ್ಳೆಮರಿ ತಿಂದ್ಕೊಂಡು ಸುಖವಾಗಿರ್ತವೆ.”

ಬಾವಿಯ ಮೀನು ನೋಡಿ ಅವಳಿಗೆ ಹೊಳೆ ನೆನಪಾಗುತ್ತದೆಯೇ? ವ್ಯಾಪಾರಿ ಕೊಡ ತುಂಬಿಸಿಕೊಂಡು ಬಂದ.

ಹೆಂಡತಿ ಮೀನು ಕಂಡು ನಿಜವಾಗಿಯೂ ನಕ್ಕಳು. ಆ ನಗುವಿಗೆ ಅವನಿಗೆ ದಾರಿಯ ದಣಿವೆಲ್ಲ ಮರೆತುಹೋಯಿತು. ಅವಳು ಪುರಿ ತಂದು ಕೂತು ನೀರು ತಟ್ಟಿದಳು. ಮೀನು ಬರಲಿಲ್ಲ. ಕಲ್ಲಿನ ಗೋಡೆಗುಂಟ ಸುತ್ತಿದವು, ಸುತ್ತುತ್ತಲೇ ಇದ್ದವು. ಪುರಿ ನೆನೆದು ತಳ ಸೇರಿತು.

ಸ್ವಲ್ಪ ದಿನಕ್ಕೆ ಒಂದೊಂದೇ ಸತ್ತು ತೇಲತೊಡಗಿತು. ಅವಳು ಏಳುವ ಮೊದಲೇ ವ್ಯಾಪಾರಿ ಸತ್ತದ್ದನ್ನು ತೆಗೆದು ಹೂಳುತ್ತಿದ್ದ. ಬೆಲ್ಲದ ವ್ಯಾಪಾರದ ನೆಪ ಹೇಳಿ ಗಾಡಿ ಕಟ್ಟಿ ಹೋಗಿ, ಅದೇ ಬಣ್ಣದ ಮೀನು ತಂದು ಬಿಡುತ್ತಿದ್ದ. ಹೊಳೆಯ ದಾರಿ ಎತ್ತುಗಳಿಗೂ ಬಾಯಿಪಾಠವಾಯಿತು. ಹೆಂಡತಿ ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಇನ್ನೂ ಒಳ್ಳೆಯ ಮೀನು ತಂದರೆ ಸರಿಹೋದಾಳು ಎಂದು ಅವನು ಮತ್ತೆ ಹೋದ.

ಆ ಸಲ ಅವನು ಗಾಡಿಯಿಂದ ಕೊಡ ಇಳಿಸುವಾಗ ಅವಳು ಎದುರಿಗೇ ನಿಂತಿದ್ದಳು.

“ಎಷ್ಟು ಸಲ ಹೋಗಿ ಬಂದ್ರಿ?”

ಸಿಕ್ಕಿಬಿದ್ದೆನೆಂದು ಅವನು ತಲೆ ತಗ್ಗಿಸಿದ. “ನಿನಗೋಸ್ಕರ ಕಣೇ. ನಿನ್ನನ್ನ ಕರೆಯೋಕೆ ಅಲ್ಲಿ ಯಾರೂ ಇಲ್ವಲ್ಲ. ಅದಕ್ಕೇ ನಿನ್ನ ಹೊಳೆಯನ್ನೇ ಇಲ್ಲಿಗೆ ತರೋಣ ಅಂತ.”

ಅವಳು ಕೊಡದೊಳಗೆ ಬಗ್ಗಿ ನೋಡಿದಳು. ಕಣ್ಣು ತುಂಬಿ ಬಂತು.

“ತವರಿಗಾದ್ರೆ ತವರಿನವರು ಕರೀಬೇಕು. ಹೊಳೆಗೆ ಹೋಗೋಕೆ ನೀವು ಬಾ ಅಂದಿದ್ರೆ ಸಾಕಿತ್ತು. ಇಷ್ಟು ಸಲವೂ ಗಾಡಿಯಲ್ಲಿ ಈ ಕೊಡಕ್ಕೆ ಜಾಗ ಇತ್ತು. ನನಗೆ ಇರಲಿಲ್ವೇನ್ರೀ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಕಾದು ನೋಡಿದ. ಕತೆ ಮುಂದುವರಿಯಲಿಲ್ಲ.

“ಆಮೇಲಾದರೂ ಅವನು ಅವಳನ್ನು ಕರೆದುಕೊಂಡು ಹೋದನೇ ಗುರುಗಳೇ?”

“ಅದಿರಲಿ, ನಿಮ್ಮಕ್ಕನ ಊರು ಇಲ್ಲಿಂದ ಎಷ್ಟು ದೂರ?” ಎಂದರು ಗುರುಗಳು.