ಬಿಸಿ ಎಷ್ಟೆಂದು ಕೇಳಿದ ಪ್ರೋಬು

ಸ್ಕ್ಯಾನಿಂಗ್ ಕೋಣೆಯಲ್ಲಿ ಒಂದು ಪ್ರೋಬು ಇತ್ತು. ಬಸುರಿಯರ ಹೊಟ್ಟೆಯ ಮೇಲೆ ಓಡಾಡಿ, ಒಳಗಿನ ಕೂಸಿನತ್ತ ಸದ್ದು ಕಳಿಸಿ, ಮರಳಿ ಬಂದ ಸದ್ದಿನಿಂದ ಚಿತ್ರ ಮೂಡಿಸುವುದು ಅದರ ಕಸುಬು. ಒಂದು ದಿನ ಅದಕ್ಕೆ, ತನ್ನ ಸದ್ದಿನಿಂದ ಕೂಸಿಗೆ ಬಿಸಿ ತಗಲುತ್ತಿದೆಯೋ ಏನೋ ಎಂಬ ಚಿಂತೆ ಹತ್ತಿತು. ಪಾಪ, ಮನಸ್ಸು ಒಳ್ಳೆಯದೇ. ತಲೆ ಮಾತ್ರ ಸ್ವಲ್ಪ ಚಪ್ಪಟೆ.

ಹಿಂದೆ ಅದರ ಸದ್ದು ಎಷ್ಟು ಜೋರೆಂದು ಪರೀಕ್ಷೆ ಮಾಡಿದ್ದು ನೀರಿನ ತೊಟ್ಟಿಯಲ್ಲಿ. "ನಿನ್ನ ಸದ್ದು ಭಾರೀ ಜೋರಪ್ಪ," ಎಂದಿತ್ತು ನೀರು. ಈಗ ಪ್ರೋಬು ಒಬ್ಬ ಬಸುರಿಯ ಹೊಟ್ಟೆಯ ಕೊಬ್ಬನ್ನು ಕೇಳಿತು. "ಯಾವ ಜೋರು? ಅರ್ಧ ನಾನೇ ನುಂಗಿದೆ. ಒಳಗೆ ಹೋಗುವುದು ಬರೀ ಪಿಸುಮಾತು," ಎಂದು ಕೊಬ್ಬು ತೇಗಿತು. ಯಂತ್ರದ ಪರದೆಯನ್ನು ಕೇಳಿದರೆ, "ನಾನು ತೋರಿಸುವ ಬಿಸಿಯ ಅಂಕಿ ಅಂದಾಜು ಸ್ವಾಮಿ. ಒಳಗೆ ಇಳಿದು ಅಳೆದವರು ಯಾರು?" ಎಂದಿತು.

ಪ್ರೋಬಿಗೆ ತಲೆ ಕೆಟ್ಟುಹೋಯಿತು. ಕೂಸನ್ನೇ ಕೇಳಿಬಿಡೋಣವೆಂದು ಅದರ ಪುಟ್ಟ ತಲೆಯ ನೇರಕ್ಕೆ ಬಂದು, ಅಲ್ಲಿಂದ ಕದಲದೆ ಸದ್ದು ಬಿಡುತ್ತಲೇ ವಿಚಾರಿಸಿತು: "ಬಿಸಿಯಾಯಿತೇ ಕಂದಾ? ಈಗ? ಈಗಲೋ?"

"ಮಾಮಾ, ಇಷ್ಟು ಹೊತ್ತು ಆರಾಮಾಗಿದ್ದೆ. ಈಗ ತಲೆ ಬೆಚ್ಚಗಾಗುತ್ತಿದೆ."

"ಎಷ್ಟು? ಸರಿಯಾಗಿ ಹೇಳು, ನಿಂತು ಕೇಳುತ್ತೇನೆ."

"ನೀವು ನಿಂತಿದ್ದಕ್ಕೇ ಬೆಚ್ಚಗಾಗಿದ್ದು ಮಾಮಾ! ಚಿತ್ರ ಸಿಕ್ಕಿತಲ್ಲ, ಇನ್ನು ಹೊರಡಿ."

ಪ್ರೋಬು ಹೊರಟಿತು. ಬಿಸಿ ಎಷ್ಟೆಂಬುದು ಅದಕ್ಕೆ ಇವತ್ತಿಗೂ ಗೊತ್ತಿಲ್ಲ. ಆದರೆ ಕೆಲಸ ಮುಗಿದ ಮೇಲೆ ಕ್ಷೇಮ ವಿಚಾರಿಸುತ್ತಾ ಕೂರುವುದನ್ನು ಮಾತ್ರ ಬಿಟ್ಟಿದೆ.