ಹೊಳೆಕೇರಿಯವರು ಬಳೆ ಒಡೆಯೋದಿಲ್ಲ

ಕುಂತೂರು ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ ಮಕ್ಕಳೇ, ಕೇಳಿದರೆ ಕಥೆ ಅಲ್ಲೇ ನಿಂತುಬಿಡುತ್ತೆ. ಆ ರಾಜ್ಯವನ್ನು ಚೆಂಗರಾಯ ಅನ್ನೋ ರಾಜ ಆಳುತ್ತಿದ್ದ. ಊರಿನ ಅಂಚಿಗೆ ಒಂದು ಹೊಳೆ. ಹೊಳೆಯ ದಂಡೆಗೆ ಹೊಳೆಕೇರಿ. ಆ ಕೇರಿಯ ಗಂಡಸರೆಲ್ಲ ಹರಿಗೋಲು ಹಾಕಿ ಜನರನ್ನು ದಾಟಿಸೋರು. ಆ ಕೇರಿಯಲ್ಲಿ ಈರಕ್ಕ ಅನ್ನೋ ಹೆಣ್ಣುಮಗಳು ಇದ್ದಳು.

ಹೊಳೆಕೇರಿಗೆ ಒಂದು ರೂಢಿ. ಬೇರೆ ಕಡೆ ಗಂಡ ಸತ್ತರೆ ಹೆಂಡತಿಯ ಬಳೆ ಒಡೆಯೋರು. ಇವರು ಒಡೀತಿರಲಿಲ್ಲ, ತೊಡಿಸೋರು! ಗಂಡನ್ನ ಕಳಕೊಂಡವಳನ್ನ ನಡುಮನೇಲಿ ಕೂರಿಸಿ, ಕೇರಿ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೊಂದು ಹಸಿರು ಗಾಜಿನ ಬಳೆ ತೊಡಿಸೋರು. ಮೊದಲನೇ ಬಳೆ ಅತ್ತೆಯ ಕೈಯಿಂದ. ಉಳಿದ ಊರಿಗೆ ಇದು ನಗೆಪಾಟಲು. "ಏನು ಜನಾನೋ ಏನೋ, ಸಾವಿನ ಮನೇಲಿ ಸೀಮಂತ ಮಾಡ್ತಾರೆ" ಅಂತ ಆಡಿಕೊಳ್ಳೋರು. ಆಡಿಕೊಳ್ಳೋರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಆ ವರ್ಷ ಹೊಳೆ ತುಂಬಿ ಬಂತು. ಈರಕ್ಕನ ಗಂಡ ಹರಿಗೋಲಿನ ಸಮೇತ ಕೊಚ್ಚಿಹೋದ. ಅತ್ತೆ ಲಕ್ಕವ್ವ, ಹೆತ್ತ ಮಗನನ್ನ ಕಳಕೊಂಡವಳು, ಅಳುತ್ತ ಅಳುತ್ತಲೇ ಸೊಸೆಯ ಕೈ ಹಿಡಿದು ಮೊದಲ ಬಳೆ ತೊಡಿಸಿದಳು.

"ಹೊಳೆ ಅವನನ್ನ ಒಯ್ತು ಮಗಾ. ನೀನು ಉಳಿದಿದ್ದೀಯ. ನಿನ್ನನ್ನೂ ನಾವು ಯಾಕೆ ಕಳಕೊಳ್ಳೋಣ?" ಅಂದಳು.

ಈರಕ್ಕ ಆ ಕೈಯನ್ನ ಎದೆಗೊತ್ತಿಕೊಂಡು ಅತ್ತಳು. ಬೆಳಗಾದರೆ ಏಳೋಕೆ, ಒಲೆ ಹಚ್ಚೋಕೆ, ಬಾಗಿಲ ಆಚೆ ತಲೆಯೆತ್ತಿ ನಡೆಯೋಕೆ ಆ ಬಳೆಗಳೇ ಅವಳಿಗೆ ಆಸರೆಯಾದವು.

ಅತ್ತ ಚೆಂಗರಾಯನಿಗೆ ಒಂದು ಹುಚ್ಚು ಹಿಡೀತು. ಆನೆ ಮೇಲೆ ಕೂತು ಊರು ನೋಡಿದ. ಒಂದೊಂದು ಕೇರಿ ಒಂದೊಂದು ಥರ. ಅವನ ಕಣ್ಣು ಕೆಂಪಾಯ್ತು. "ಒಬ್ಬ ರಾಜ, ಒಂದೇ ರೂಢಿ! ಹತ್ತು ಜನ ಮಾಡದ್ದನ್ನ ನಾಲ್ಕು ಜನ ಮಾಡಕೂಡದು. ಮಾಡಿದರೆ ಕೇರಿ ಖಾಲಿ!" ಅಂತ ಡಂಗುರ ಹೊಡೆಸಿದ.

ತಳವಾರ ಮೊದಲು ಕುರುಬರ ಕೇರಿಗೆ ಹೋದ. "ಬಿಸಿಲಲ್ಲೂ ಕಂಬಳಿ ಹೆಗಲ ಮೇಲೇನಾ? ಊರಲ್ಲಿ ಯಾರೂ ಹಾಕ್ಕೊಳ್ಳಲ್ಲ. ತೆಗೀರಿ" ಅಂದ. ತೆಗೆದರು. ಮೊದಲ ಮಳೆಗೇ ಬಯಲಲ್ಲಿ ನೆನೆದು, ಜ್ವರ ಬಂದು ಮಲಗಿದರು.

ಆಮೇಲೆ ಮೇದರ ಕೇರಿಗೆ ಹೋದ. "ಬಿದಿರು ಸೀಳುವಾಗ ಹಾಡ್ತೀರಂತೆ? ಊರಲ್ಲಿ ಯಾರೂ ಹಾಡಲ್ಲ. ಬಾಯಿ ಮುಚ್ಚಿ" ಅಂದ. ಮುಚ್ಚಿದರು. ಹಾಡಿನ ಲಯಕ್ಕೆ ಪಳಗಿದ ಕೈಗಳು ತಡವರಿಸಿದವು. ಬಿದಿರಿಗೆ ಬೀಳಬೇಕಾದ ಕತ್ತಿ ಬೆರಳಿಗೆ ಬಿತ್ತು.

ಮೂರನೇದಾಗಿ ಹೊಳೆಕೇರಿಗೆ ಬಂದ. ನೇರ ಈರಕ್ಕನ ಬಾಗಿಲಿಗೆ.

"ಬಳೆ ಒಡಿ."

"ಒಡೆಯಲ್ಲ."

ಮಾರನೇ ದಿನ ರೇಷ್ಮೆ ಸೀರೆ ಹಿಡಕೊಂಡು ಬಂದ. "ರಾಜರು ಕೊಟ್ಟಿದ್ದಾರೆ. ಬಳೆ ಒಡೆದು ಇದನ್ನ ತಗೋ."

"ಸೀರೆ ನಿಮ್ಮ ಮನೆಯವರಿಗೆ ಉಡಿಸಿ ಅಣ್ಣಾ. ಬಳೆ ಒಡೆಯಲ್ಲ."

ಮೂರನೇ ಸಲ ಸಿಪಾಯಿಗಳ ಜೊತೆ ಬಂದ. "ನಾಳೆ ಸಂಜೆಯೊಳಗೆ ನಿನ್ನ ಬಳೆ ಚೂರಾಗಿರಬೇಕು. ಇಲ್ಲಾಂದ್ರೆ ಕೇರಿಗೆ ಕೇರಿಯೇ ಗಡಿಯಾಚೆ!"

ಕೇರಿ ನಡುಗಿತು. "ನಿನ್ನ ಕೈಬಳೆಗೋಸ್ಕರ ನಾವೆಲ್ಲ ಊರು ಬಿಡಬೇಕೇನವ್ವ?" ಅಂದ ಕೇರಿಯ ಹಿರಿಯ. ಈರಕ್ಕ ಕೇರಿಯ ಮನೆಗಳತ್ತ ನೋಡಿದಳು. ಮಕ್ಕಳುಮರಿ ಇರೋ ಮನೆಗಳು; ತನ್ನಿಂದ ಬೀದಿಗೆ ಬೀಳೋದಾ?

ಲಕ್ಕವ್ವ ಸುಮ್ಮನಿರಲಿಲ್ಲ. "ಇವತ್ತು ಇವಳ ಬಳೆ ಒಡೆದರೆ, ನಾಳೆ ನಿನ್ನ ಮಗಳದ್ದು. ಹೊಳೆ ಬತ್ತಿಹೋಗಿದೆಯೇನಪ್ಪ?" ಅಂದಳು. ಹಿರಿಯ ತಲೆ ತಗ್ಗಿಸಿದ.

ಬೆಳಗಾಗುತ್ತಲೇ ಈರಕ್ಕ ಅರಮನೆಗೆ ನಡೆದಳು. ಕುರುಬರು, ಮೇದರು ಹಿಂದೆ ಬಂದರು. ತುಂಬಿದ ಸಭೆಯಲ್ಲಿ ಕೈಮುಗಿದು ನಿಂತಳು.

"ಬುದ್ಧಿ, ನನ್ನ ಬಳೆ ನಾನೇ ಒಡೀತೀನಿ. ಆದರೆ ಆಜ್ಞೆ ಎಲ್ಲರಿಗೂ ಒಂದೇ ಅಲ್ವಾ? ಒಂದು ಕೇರಿ ಬಿಟ್ಟುಹೋಗಿದೆ."

"ನನ್ನ ಕಣ್ಣು ತಪ್ಪಿಸಿದ ಕೇರಿ ಯಾವುದು?"

"ನಮ್ಮದಕ್ಕಿಂತ ಸಣ್ಣದು ಬುದ್ಧಿ. ಅಲ್ಲಿಯೋರು ಮನೆ ಬಿಟ್ಟು ಹೊರಟರೆ ಮುಂದೆ ಒಬ್ಬ ಕೊಂಬು ಊದಬೇಕು."

"ಇದೇನು ಅತಿರೇಕ! ಊರಲ್ಲಿ ಯಾರಿಗೂ ಇಲ್ಲದ್ದು!"

"ಗಾಳಿ ಬೀಸುತ್ತಿದ್ದರೂ ಪಕ್ಕದಲ್ಲಿ ನಿಂತು ಒಬ್ಬ ಗಾಳಿ ಹಾಕಬೇಕು."

"ಸೋಮಾರಿಗಳು!"

"ಅನ್ನ ಬಡಿಸಿದರೆ ತಾವು ಮುಟ್ಟೋದಿಲ್ಲ. ಇನ್ನೊಬ್ಬ ತಿಂದು ನೋಡಬೇಕು. ಅವನ ಎಂಜಲನ್ನ ಇವರು ಉಣ್ಣಬೇಕು."

"ಥೂ! ಹೇಸಿಗೆ!" ಅಂತ ಚೆಂಗರಾಯ ಎದ್ದೇ ನಿಂತ.

ಸಭೆಗೆಲ್ಲ ಗೊತ್ತಾಗಿತ್ತು. ಮಂತ್ರಿ ಕೆಮ್ಮಿದ. ಸೇನಾಪತಿ ಚಾವಣಿ ನೋಡಿದ. ರಾಜನಿಗೆ ಮಾತ್ರ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು ಹೇಳಿ? ಆನೆಗೆ ತನ್ನ ಸೊಂಡಿಲು ಉದ್ದ ಅಂತ ಯಾವತ್ತಾದರೂ ಅನ್ನಿಸಿದೆಯಾ! ಅವನು ಕತ್ತಿ ಮುಟ್ಟಿ ಆಣೆ ಇಟ್ಟುಬಿಟ್ಟ. "ಆ ಕೇರಿಯೋರು ಈ ಕ್ಷಣದಿಂದಲೇ ಅದನ್ನೆಲ್ಲ ಬಿಡಬೇಕು. ಇಲ್ಲಾ ರಾಜ್ಯ ಬಿಡಬೇಕು. ನನ್ನ ಮಾತು ಎರಡಾಗೋದಿಲ್ಲ! ಯಾವ ಕೇರಿ ಅದು?"

ಈರಕ್ಕ ತಲೆಯೆತ್ತಿದಳು. "ತಾವು ನಿಂತಿದ್ದೀರಲ್ಲ ಬುದ್ಧಿ, ಅದೇ ಕೇರಿ."

ಕೊಂಬಿನವನು ಮೆಲ್ಲಗೆ ಕೊಂಬು ಕೆಳಗಿಟ್ಟ. ಚಾಮರದವನು ಚಾಮರ ಕೆಳಗಿಟ್ಟ. "ಆಣೆ ಆಗಿದೆ ಪ್ರಭೂ" ಅಂತ ಇಬ್ಬರೂ ಹೊರಟೇಹೋದರು. ಎಷ್ಟು ವರ್ಷದಿಂದ ಅವರ ಕೈ ನೋಯುತ್ತಿತ್ತೋ ಪಾಪ!

ಮಧ್ಯಾಹ್ನ ಊಟ ಸಭೆಗೇ ಬಂತು. ರುಚಿ ನೋಡುವವನು ಕೈಕಟ್ಟಿ ನಿಂತ. "ಊರಲ್ಲಿ ಯಾರೂ ಹಾಗೆ ಉಣ್ಣೋದಿಲ್ಲ ಪ್ರಭೂ." ಚೆಂಗರಾಯ ತುತ್ತು ಕಲಸಿದ. ಬಾಯಿಯ ಹತ್ತಿರ ತಂದ. ಯಾರು ವಿಷ ಹಾಕಿದ್ದಾರೋ ಏನೋ! ಕೆಳಗಿಟ್ಟ. ಮತ್ತೆ ಎತ್ತಿದ, ಮತ್ತೆ ಕೆಳಗಿಟ್ಟ. ಸಂಜೆಯಾಯ್ತು. ಹೊಟ್ಟೆ ತಾಳ ಹಾಕಿತು. ಈರಕ್ಕ ಮಾತ್ರ ನಿಂತ ಜಾಗ ಬಿಟ್ಟಿರಲಿಲ್ಲ.

"ಉಣ್ಣಿ ಬುದ್ಧಿ" ಅಂದಳು.

"ಭಯ ಆಗುತ್ತಮ್ಮ" ಅಂದ ರಾಜ.

"ನಿಮಗೆ ವಿಷದ ಭಯ. ಅದಕ್ಕೇ ನಿಮ್ಮ ರೂಢಿ ಹುಟ್ಟಿತು. ನಮಗೆ ಹೊಳೆಯ ಭಯ. ವರ್ಷಕ್ಕೊಬ್ಬ ಗಂಡನ್ನ ಅದು ನುಂಗುತ್ತೆ. ಪ್ರತಿ ಸಲ ಬಳೆ ಒಡೆದಿದ್ದರೆ ನಮ್ಮ ಕೇರೀಲಿ ಬದುಕೋ ಆಸೆ ಯಾರಿಗೆ ಇರ್ತಿತ್ತು? ಅದಕ್ಕೇ ನಮ್ಮ ರೂಢಿ ಹುಟ್ಟಿತು. ನಿಮ್ಮದನ್ನ ನೀವು ಇಟ್ಕೊಳ್ಳಿ, ನಾವು ಬೇಡ ಅನ್ನಲ್ಲ. ನಮ್ಮ ಕೈಗೆ ಮಾತ್ರ ಕೈ ಹಾಕಬೇಡಿ!"

ಹಸಿವು ದೊಡ್ಡದೋ ಹಠ ದೊಡ್ಡದೋ? ಚೆಂಗರಾಯ ತುಂಬಿದ ಸಭೆಯಲ್ಲಿ ತನ್ನ ಬಾಯಿಂದಲೇ ಆಣೆಯನ್ನೂ ಆಜ್ಞೆಯನ್ನೂ ಹಿಂದಕ್ಕೆ ತಗೊಂಡ. ತಳವಾರ ಅದೇ ಡಂಗುರ ಹೊಡೆದು ಬೀದಿಬೀದಿಯಲ್ಲಿ ಸಾರಿಕೊಂಡು ಬಂದ. ಆಮೇಲೆಯೇ ರಾಜನ ಹೊಟ್ಟೆಗೆ ಅನ್ನ ಬಿದ್ದದ್ದು. ಕುರುಬರು ಕಂಬಳಿ ಹೊದ್ದರು, ಮೇದರು ಹಾಡಿದರು, ಹೊಳೆಕೇರಿ ಹೊಳೆಕೇರಿಯಾಗಿಯೇ ಉಳೀತು.

ನೀತಿ ಏನು ಅಂತೀರಾ? ಹೇಳ್ತೀನಿ, ಸರಿಯಾಗಿ ಕೇಳಿಸಿಕೊಳ್ಳಿ. ತನ್ನ ರೂಢಿಯೇ ಲೋಕದ ರೂಢಿ ಅಂತ ತಿಳಿಯೋನು ದಡ್ಡ. ಅದನ್ನ ಇನ್ನೊಬ್ಬರ ತಲೆಗೆ ಕಟ್ಟೋನು ದುಷ್ಟ. ಊರು ಅಂದರೆ ಕೇರಿಗಳೇ. ಒಂದೊಂದಾಗಿ ಅಳಿಸುತ್ತ ಹೋದರೆ ಕೊನೆಗೆ ಊರೇ ಇರೋದಿಲ್ಲ. ನಾಳೆ ಯಾರಾದರೂ ನಿಮ್ಮ ಬಾಗಿಲಿಗೆ ಬಂದು "ಎಲ್ಲರ ಹಾಗೆ ಇರು" ಅಂದರೆ ಹೆದರಬೇಡಿ ಮಕ್ಕಳೇ. "ಎಲ್ಲರೂ ಅಂದರೆ ಯಾರು?" ಅಂತ ಕೇಳಿ.