ರಸೀದಿ ಕೇಳಿದ ನಿಂಗೋಜಿ ಮಾಮ

ಸೊಳ್ಳೆಯನ್ನೂ ಕೊಲ್ಲಲ್ಲ, ಹೊತ್ತವನ ಜೀವ ಮಾತ್ರ ಹಿಂಡುತ್ತೆ. ಏನದು? ನಿಮಗೆ ಹೊಳೆಯಲ್ಲ ಬಿಡಿ. ನಮ್ಮ ನಾಟಕ ತಂಡದ ಬಂದೂಕು! ಹಾರೋದು ಪ್ಲಾಸ್ಟಿಕ್ ಗುಂಡು, ನೋಡೋಕೆ ಥೇಟ್ ಅಸಲಿ.

ದೆಹಲಿಗೆ ನಾಟಕ ಆಡೋಕೆ ಹೊರಟಿದ್ದೆವು. ಬಂದೂಕಿಲ್ಲದೆ, ಇನ್‌ಸ್ಪೆಕ್ಟರ್ ಕಳ್ಳನಿಗೆ ಗುಂಡು ಹಾರಿಸೋ ಕೊನೇ ದೃಶ್ಯವೇ ಇಲ್ಲ. ವಿಮಾನ ನಿಲ್ದಾಣದಲ್ಲಿ, ತಂಡದ ಸಾಮಾನು ನೋಡಿಕೊಳ್ಳುವ ನಿಂಗೋಜಿ ಮಾಮ ತಾನಾಗಿಯೇ ಪೆಟ್ಟಿಗೆ ತೆರೆದು ತೋರಿಸಿದ.

“ಇದು ನಿಜವಾದ ಬಂದೂಕೇ! ನಡಿ ಜೈಲಿಗೆ!” ಮೀಸೆಯ ಅಧಿಕಾರಿ ಗುಡುಗಿದ.

ಮಾಮನ ಅಂಗಿ ಬೆನ್ನಿಗೆ ಅಂಟಿತು.

“ಆಗಲಿ ಸಾಹೇಬ್ರೇ,” ಅಂದ ಮಾಮ. “‘ನಿಜವಾದ ಬಂದೂಕು ಒಂದು ನನ್ನ ವಶಕ್ಕೆ ಬಂದಿದೆ’ ಅಂತ ರಸೀದಿ ಬರೆದುಕೊಡಿ. ನಾಳೆ ದೊಡ್ಡ ಸಾಹೇಬ್ರು ನೋಡಿದಾಗ ಪ್ಲಾಸ್ಟಿಕ್ ಗುಂಡಿನ ಬಂದೂಕು ಸಿಕ್ಕರೆ, ನಿಜವಾದದ್ದನ್ನ ಯಾರಿಗೆ ಮಾರಿದೆ ಅಂತ ನಿಮ್ಮನ್ನೇ ಕೇಳ್ತಾರೆ.”

ರಸೀದಿ ಬರೆಯೋಕೆ ಹೊರಟ ಅಧಿಕಾರಿಯ ಪೆನ್ನು ನಿಂತೇ ಬಿಟ್ಟಿತು. ಈಗ ಬೆವರೋ ಸರದಿ ಅವನದು. ಬಂದೂಕನ್ನ ತಿರುಗಿಸಿ ನೋಡಿದ, ಕೈಯಲ್ಲೇ ತೂಗಿದ, “ಆಟಿಕೆ” ಅಂತ ಬರೆದು ಲಗೇಜಿಗೆ ತಳ್ಳಿದ.

ಹೀಗಾಗಿದ್ರೆ ಎಷ್ಟು ಚೆನ್ನಾಗಿತ್ತು! ರಸೀದಿ ಮಾತೆಲ್ಲ ನಾನು ಕಟ್ಟಿದ್ದು. ಅಸಲಿಗೆ ಬಂದೂಕು ವಿಮಾನ ನಿಲ್ದಾಣದಲ್ಲೇ ಉಳೀತು. ದೆಹಲಿಯಲ್ಲಿ ನಮ್ಮ ನಾಟಕದ ಇನ್‌ಸ್ಪೆಕ್ಟರ್ ಬೆರಳು ಚಾಚಿ ಬಾಯಲ್ಲೇ “ಢಂ” ಅಂದ. ಕಳ್ಳ ದೊಡ್ಡ ಮನಸ್ಸು ಮಾಡಿ ಸತ್ತ.